ಮೋಡೆಮ್ ಮಾತ್ರ ಓದಿದ ಉತ್ತರ

“ಸುಳ್ಳು ಹೇಳ್ತಿರೋದು ನಿಮ್ಮ ಮೋಡೆಮ್ಮು. ನನ್ನ ಲೈನಲ್ಲ!”

ಪರದೆಯ ಮೇಲೆ ಮೂಡಿದ ಈ ಸಾಲನ್ನು ಶುಯುನ್ ಎರಡು ಸಲ ಓದಿದಳು. ಕೆಲಸಕ್ಕೆ ಸೇರಿದಂದಿನಿಂದ ಆಚೆ ತುದಿಯಿಂದ ಯಾರೂ ಅವಳನ್ನು ಹೀಗೆ ಬೈದಿರಲಿಲ್ಲ. ನಿಜ ಹೇಳಬೇಕೆಂದರೆ ಆಚೆ ತುದಿಯಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಇನ್ನೊಂದು ಮೋಡೆಮ್ ಇರುತ್ತಿತ್ತು, ಅಷ್ಟೇ.

“ನೀವು ಯಾರು?” ಎಂದು ಟೈಪ್ ಮಾಡಿದಳು.

“ಯೆನ್ ತೆಶೆಂಗ್. ವಾಂಗ್‌ಆನ್ ದ್ವೀಪದ ಟೆಲಿಫೋನ್ ಎಕ್ಸ್‌ಚೇಂಜ್. ಬೆಳಿಗ್ಗೆಯಿಂದ ಒಂದೇ ಸಮ ಕರೀತೀರಿ, ಕಟ್ ಮಾಡ್ತೀರಿ. ಆಮೇಲೆ ನಿಮ್ಮ ಸಾಹೇಬರು ಫೋನ್ ಮಾಡಿ ‘ನಿಮ್ಮ ಲೈನ್ ಕೆಟ್ಟಿದೆ’ ಅಂತಾರೆ.”

“ಕಟ್ ಮಾಡ್ತಿರೋದು ನಾನಲ್ಲ. ನಿಮ್ಮ ಲೈನಲ್ಲಿ ಗದ್ದಲ ಜಾಸ್ತಿ. ಮೋಡೆಮ್ ತಾಳಲಾರದೆ ಬಿಟ್ಟುಬಿಡ್ತಿದೆ.”

“ತಾಳಲಾರದ್ದನ್ನ ಯಾಕೆ ಮಾರ್ತೀರಿ?”

ಶುಯುನ್‌ಗೆ ಸಿಟ್ಟು ಬಂತು. ಬಂದದ್ದೇ ಅವಳಿಗೆ ಆಶ್ಚರ್ಯವಾಯಿತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು.

ಅದು ಕಂಪ್ಯೂಟರುಗಳು ಫೋನ್ ಲೈನಿನ ಮೇಲೆ ಕೀರಲು ದನಿಯಲ್ಲಿ ಒಂದನ್ನೊಂದು ಕೂಗಿ ಕರೆಯುತ್ತಿದ್ದ ಕಾಲ. ಚುಂಗ್ ಶುಯುನ್ ಕೆಲಸ ಮಾಡುತ್ತಿದ್ದದ್ದು ತೈವಾನಿನ ಶಿನ್‌ಚುವಿನಲ್ಲಿ, ಒಂದು ಮೋಡೆಮ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಹೊಸ ಮಾದರಿ ಬಂದಾಗಲೆಲ್ಲ ಅದನ್ನು ದೇಶದ ಅತಿ ಕೆಟ್ಟ ಲೈನುಗಳ ಮೇಲೆ ಓಡಿಸಿ ನೋಡಬೇಕು. ವಾಂಗ್‌ಆನ್ ಸಮುದ್ರದಾಚೆಯ ಪುಟ್ಟ ದ್ವೀಪ. ಅಲ್ಲಿನ ಲೈನಿಗಿಂತ ಕೆಟ್ಟದ್ದು ಸಿಕ್ಕಿರಲಿಲ್ಲ. ಎಕ್ಸ್‌ಚೇಂಜಿನ ಮೂಲೆಯಲ್ಲಿ ಕಾರ್ಖಾನೆಯವರು ಒಂದು ಕಂಪ್ಯೂಟರ್, ಒಂದು ಮೋಡೆಮ್ ಇಟ್ಟುಬಂದಿದ್ದರು.

ಮೋಡೆಮ್‌ಗೆ ಬಾಯಿಮಾತು ತಿಳಿಯದು, ಬರೆದೇ ಹೇಳಬೇಕು. ಪ್ರತಿ ಆಜ್ಞೆಯೂ AT ಎಂಬ ಎರಡು ಅಕ್ಷರಗಳಿಂದ ಶುರು. ‘ಇಲ್ಲಿ ಕೇಳು’ ಅಂದ ಹಾಗೆ. ಅದರ ಮುಂದೆ D ಬರೆದು ನಂಬರು ಕೊಟ್ಟರೆ ಫೋನ್ ಮಾಡುತ್ತದೆ. H ಎಂದರೆ ಇಟ್ಟುಬಿಡುತ್ತದೆ. ತಿಳಿದರೆ OK ಎನ್ನುತ್ತದೆ, ತಿಳಿಯದಿದ್ದರೆ ERROR. AT ಇಲ್ಲದೆ ಏನು ಬರೆದರೂ ಅದರ ಪಾಲಿಗೆ ಅದು ಮಾತೇ ಅಲ್ಲ. ಸುಮ್ಮನಿರುತ್ತದೆ.

ದಿನವಿಡೀ ಹೀಗೆ ಆಜ್ಞೆ ಕೊಡುತ್ತ ಕೂರುವುದು ಶುಯುನ್‌ಗೆ ಹಿತವಾಗಿತ್ತು. ಯಾರೂ ‘ಈಗ ಹೇಗಿದ್ದೀಯಮ್ಮ’ ಎಂದು ಕೇಳುತ್ತಿರಲಿಲ್ಲ.

ಆದರೆ ಈಗ ಈ ಮನುಷ್ಯ...!

“ಯೆನ್ ಅವರೇ, ಜಗಳ ಬೇಡ. ನಾನು ಹೇಳಿದ್ದನ್ನ ಹಾಗೇ ಹೊಡೀರಿ. ಮೊದಲು ಸ್ವಲ್ಪ ಹೊತ್ತು ಏನೂ ಮುಟ್ಟಬೇಡಿ. ಆಮೇಲೆ + ಅನ್ನ ಮೂರು ಸಲ ಒತ್ತಿ. ಮತ್ತೆ ಸುಮ್ಮನಿರಿ.”

“ಮಂತ್ರ ಹಾಕ್ತಿದ್ದೀರಾ?”

“ನಿಮ್ಮ ಮೋಡೆಮ್ ನನ್ನ ಕಡೆಯಿಂದ ನಿಮ್ಮ ಕಡೆಗೆ ತಿರುಗುತ್ತೆ. ಲೈನ್ ಕಟ್ ಆಗಿರಲ್ಲ. ಆದ್ರೆ ನೀವು ಹೊಡೆದಿದ್ದು ನನಗೆ ಬರಲ್ಲ, ನಾನು ಹೊಡೆದಿದ್ದು ನಿಮಗೆ ಬರಲ್ಲ. ಲೈನಲ್ಲಿ ಬರ್ತಿರೋ ಸಿಗ್ನಲ್ಲು, ಅಂದ್ರೆ ಸಂಕೇತದ ಬಲ ಎಷ್ಟಿದೆ ಅಂತ ಅದನ್ನ ಕೇಳಿ. ಆಮೇಲೆ ATO ಹೊಡೀರಿ. ಮತ್ತೆ ನನ್ನ ಹತ್ತಿರ ಬರ್ತೀರಿ. ಅದನ್ನ ಮರೆತರೆ ಗೋಡೆ ಜೊತೆ ಮಾತಾಡ್ತಾ ಕೂತಿರ್ತೀರಿ.”

ಬಹಳ ಹೊತ್ತು ಏನೂ ಬರಲಿಲ್ಲ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

“ವಾಪಸ್ ಬಂದೆ. ಗೋಡೆಗೆ ಮಾತು ಕಮ್ಮಿ.” ಅದರ ಕೆಳಗೆ ಒಂದು ಅಂಕಿ.

ಅಂಕಿ ನೋಡಿದೊಡನೆ ತಪ್ಪು ಲೈನಿನದೇ ಎಂದು ಶುಯುನ್‌ಗೆ ತಿಳಿಯಿತು. ಹೇಳಿದಳು. ಅವನು ಲೈನ್ ಕಟ್ ಮಾಡಿಬಿಟ್ಟ.

ಮರುದಿನ ಅವನೇ ಕರೆದ.

“ಕಂಬ ಹತ್ತಿ ನೋಡ್ದೆ. ತಂತಿ ಕೂಡಿಸಿದ ಜಾಗ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಸುಳ್ಳು ಹೇಳ್ತಿದ್ದಿದ್ದು ನನ್ನ ಲೈನೇ. ಒಪ್ಕೊಂಡೆ. ಆದ್ರೂ ನಿಮ್ಮ ಮೋಡೆಮ್‌ಗೆ ಸ್ವಲ್ಪ ತಾಳ್ಮೆ ಕಲಿಸಿ.”

“ಅದಕ್ಕೂ ಆಜ್ಞೆ ಇದೆ. ಲೈನ್ ಕೈಕೊಟ್ಟಾಗ ಎಷ್ಟು ಹೊತ್ತು ಕಾದು ಬಿಡಬೇಕು ಅಂತ ಹೇಳಿಡಬಹುದು.”

“ಎಷ್ಟು ಹೊತ್ತು ಕಾಯ್ತೀರಿ?”

“ನಾನಲ್ಲ. ಮೋಡೆಮ್ಮು.”

“ಸರಿ. ಮೋಡೆಮ್ಮು.”

ಶುಯುನ್ ಮುಂದಿನ ಪರೀಕ್ಷೆಯ ಹಾಳೆ ಎಳೆದುಕೊಂಡಳು. ಕಿವಿ ಬೆಚ್ಚಗಾಗಿತ್ತು.

* * *

ಪರೀಕ್ಷೆ ಮುಗಿದ ಮೇಲೆ ನಾಲ್ಕು ಸಾಲು ಮಾತಾಡುವುದು ರೂಢಿಯಾಯಿತು. ಮೊದಲು ಲೈನಿನ ವಿಷಯ. ಆಮೇಲೆ ಗಾಳಿಯ ವಿಷಯ. ಆಮೇಲೆ ಯಾವ ವಿಷಯವೂ ಬೇಕಾಗಲಿಲ್ಲ.

“ಇವತ್ತಿನ ಗಾಳಿಗೆ ಪಕ್ಕದ ಮನೆ ಮೇಕೆ ಗೋಡೆ ಮೇಲಿಂದ ಹಾರಿ ನಮ್ಮ ಕಡಲೆಕಾಯಿ ಹೊಲದಲ್ಲಿ ಬಿತ್ತು. ಮೇಕೆಗೆ ಏನೂ ಆಗಿಲ್ಲ. ಕಡಲೆಕಾಯಿಗೆ ಆಗಿದೆ.”

ಶುಯುನ್ ಜೋರಾಗಿ ನಕ್ಕುಬಿಟ್ಟಳು.

ಪಕ್ಕದ ಮೇಜಿನ ಅಫೆಂಗ್ ತಿರುಗಿ ನೋಡಿದಳು. ಅಫೆಂಗ್‌ಗೆ ಇಬ್ಬರು ಮಕ್ಕಳು, ತುಂಬು ಮೈ, ಬಾಯಿಗೆ ಬೀಗವಿಲ್ಲ.

“ಏನೇ ಅದು? ಸಂಕೇತದ ಬಲ ನೋಡಿ ನಗೋರನ್ನ ನಾನು ಇವತ್ತೇ ನೋಡಿದ್ದು!”

“ಏನಿಲ್ಲ. ಮೇಕೆ.”

“ಮೇಕೆ! ಹೂಂ, ಹೂಂ. ಮೇಕೆಗೆ ವಯಸ್ಸೆಷ್ಟು? ಮದುವೆ ಆಗಿದ್ಯಾ?”

“ಕೆಲಸ ನೋಡಕ್ಕ...”

ಒಮ್ಮೆ ಶುಯುನ್ ಬರೆದಳು: “ಇಲ್ಲೂ ಗಾಳಿ. ಆದ್ರೆ ನಮಗೆ ಅದು ಬೇಕು. ಗಾಳಿ ಇಲ್ಲದಿದ್ರೆ ಅಕ್ಕಿ ಶಾವಿಗೆ ಒಣಗಲ್ಲ.”

“ಮನೆಯಲ್ಲಿ ಶಾವಿಗೆ ಮಾಡ್ತೀರಾ?”

“ಅಮ್ಮ ಮಾಡ್ತಾರೆ. ರಜೆ ದಿನ ನಾನು ಬಿದಿರು ತಟ್ಟಿ ಮೇಲೆ ಹರಡ್ತೀನಿ.”

ಅದು ಸುಳ್ಳಲ್ಲ. ಅತ್ತೆಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು. ಗಂಡ ಹೋದ ಮೇಲೂ ಅವಳು ಆ ಮನೆ ಬಿಟ್ಟಿರಲಿಲ್ಲ. ಬಿಡು ಎಂದು ಅತ್ತೆ ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು.

ಸುಳ್ಳಲ್ಲ, ನಿಜ. ಆದರೆ ಓದುವವನು ಏನೆಂದುಕೊಳ್ಳುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು.

‘ಹೇಳಬೇಕು... ಇವತ್ತು ಬೇಡ. ನಾಳೆ ಹೇಳ್ತೀನಿ.’

ಅಂತ್ಯಕ್ರಿಯೆಯ ದಿನ ಗಂಡನ ಸೋದರತ್ತೆ ಎಲ್ಲರೆದುರು ಹೇಳಿದ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು. “ಮದುವೆಗೆ ಮುಂಚೆ ಇವಳ ಜಾತಕ ಸರಿಯಾಗಿ ನೋಡಿಸಬೇಕಿತ್ತು. ಗಂಡನ್ನ ತಿನ್ನೋ ನಕ್ಷತ್ರ!”

ಆವತ್ತು ಶುಯುನ್ ಅತ್ತಿರಲಿಲ್ಲ. ಅದಕ್ಕೂ ಜನ ಮಾತಾಡಿದ್ದರು.

* * *

ಚೀನೀ ಚಾಂದ್ರಮಾನ ಹೊಸ ವರ್ಷ ಹತ್ತಿರ ಬಂದಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ತಮ್ಮ ತಮ್ಮ ಮೇಜು ಒರೆಸಿ ತೊಳೆಯುವ ಗಡಿಬಿಡಿಯಲ್ಲಿದ್ದರು. ಆ ಮಧ್ಯಾಹ್ನ ಪರೀಕ್ಷೆ ಬೇಗ ಮುಗಿಯಿತು.

“ಚುಂಗ್ ಮೇಡಂ, ಒಂದು ಕೇಳ್ಲಾ?”

“ಕೇಳಿ.”

ಅಕ್ಷರಗಳು ಒಂದೊಂದಾಗಿ ಬಂದವು. ನಡುವೆ ನಿಂತವು. ಮತ್ತೆ ಬಂದವು.

“ಹಬ್ಬ ಕಳೆದ ಮೇಲೆ ನನಗೆ ರಜೆ ಇದೆ. ಶಿನ್‌ಚುಗೆ ಬರಬೇಕು ಅಂತಿದ್ದೀನಿ. ಅಲ್ಲಿ ನನಗೆ ಬೇರೆ ಕೆಲಸ ಇಲ್ಲ. ನಿಮ್ಮನ್ನ ನೋಡೋಕೆ. ಬರಬಹುದಾ? ಬೇಡ ಅನ್ನೋಕೆ ಸಂಕೋಚ ಆದ್ರೆ ಸುಮ್ಮನಿದ್ದುಬಿಡಿ. ನನಗೆ ಅರ್ಥ ಆಗುತ್ತೆ. ಮತ್ತೆ ಕೇಳಲ್ಲ.”

ಶುಯುನ್ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು.

“ಚುಂಗ್!” ಹಿಂದಿನಿಂದ ವಿಭಾಗದ ಮುಖ್ಯಸ್ಥ ಕುವೊ ಕೂಗಿದರು. “ವಾಂಗ್‌ಆನ್ ಲೈನ್ ಇನ್ನೂ ಇದ್ಯಾ? ಸಂಕೇತದ ಬಲ ಎಷ್ಟಿದೆ ನೋಡಿ ಹೇಳಮ್ಮ, ವರದಿ ಕಳಿಸಬೇಕು. ಈಗಲೇ!”

ಅವಳು ಯಂತ್ರದಂತೆ ಮೂರು ಸಲ + ಒತ್ತಿದಳು. OK ಬಂತು. ಬಲ ಕೇಳಿದಳು. ಅಂಕಿ ಬಂತು. ಕೂಗಿ ಹೇಳಿದಳು. ಕುವೊ ಬರೆದುಕೊಂಡು ಹೋದರು.

ಆಮೇಲೆ ಅವಳು ಪರದೆಗೆ ತಿರುಗಿದಳು. ಒಮ್ಮೆ ಉಸಿರೆಳೆದುಕೊಂಡಳು. ಬರೆಯಲು ಶುರುಮಾಡಿದಳು.

“ಬರೋ ಮೊದಲು ನಿಮಗೊಂದು ವಿಷಯ ಗೊತ್ತಿರಲಿ. ನನಗೆ ಮದುವೆ ಆಗಿತ್ತು. ಅವರು ಸ್ಕೂಟರಿಂದ ಬಿದ್ದು ತೀರಿಕೊಂಡ್ರು. ಅಮ್ಮ ಅಂತ ಹೇಳಿದ್ದು ನನ್ನ ಅತ್ತೆಯನ್ನ. ನಾನು ಗಂಡನ್ನ ತಿಂದವಳು ಅಂತ ನೆಂಟರು ಆಡ್ಕೋತಾರೆ. ನಿಮ್ಮ ಮನೆಯವರೂ ಆಡ್ಕೋಬಹುದು. ನಾನು ಮೊದಲೇ ಹೇಳಬೇಕಿತ್ತು. ಹೇಳಿದ್ರೆ ನೀವು ಮೇಕೆ ವಿಷಯ ಬರೆಯೋದು ನಿಲ್ಲಿಸ್ತೀರಿ ಅಂತ ಹೆದರಿಕೆ ಆಯ್ತು. ಇಷ್ಟು ಗೊತ್ತಾದ ಮೇಲೂ ಬರಬೇಕು ಅನ್ನಿಸಿದ್ರೆ... ಬನ್ನಿ. ನಾನು ಸ್ಟೇಷನ್ ಹತ್ತಿರ ಬರ್ತೀನಿ.”

ಇಷ್ಟನ್ನೂ ಅವಳು ಒಂದೇ ಗುಕ್ಕಿಗೆ ಬರೆದಳು. ಒಂದಕ್ಷರ ತಪ್ಪಾಗಲಿಲ್ಲ.

ಆದರೆ ATO ಹೊಡೆದಿರಲಿಲ್ಲ.

ಅಕ್ಷರಗಳು ಎರಡೆರಡು ಸಲ ಮೂಡಬಾರದೆಂದು ಪರೀಕ್ಷಾ ವಿಭಾಗದವರು ಮೊದಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಒತ್ತಿದ್ದೆಲ್ಲ ಪರದೆಯ ಮೇಲೆ ನೇರ ಕಾಣುತ್ತಿತ್ತು, ಆಚೆಗೆ ಹೋದರೂ ಸರಿ, ಹೋಗದಿದ್ದರೂ ಸರಿ. ಶುಯುನ್‌ಳ ಕಣ್ಣಿಗೆ ಎಲ್ಲವೂ ಸರಿಯಾಗೇ ಕಂಡಿತು. ಅವಳ ಮಾತನ್ನು ಓದಿದ್ದು ಮೇಜಿನ ಮೇಲಿದ್ದ ಮೋಡೆಮ್ ಮಾತ್ರ. ಯಾವ ಸಾಲೂ AT ಎಂದು ಶುರುವಾಗಿರಲಿಲ್ಲ. ಅದು ಸುಮ್ಮನಿತ್ತು.

ವಾಂಗ್‌ಆನ್‌ನಲ್ಲಿ ತೆಶೆಂಗ್ ಖಾಲಿ ಪರದೆ ನೋಡುತ್ತ ಕೂತಿದ್ದ. “ಇದ್ದೀರಾ?” ಎಂದು ಬರೆದ. ಅದೂ ಅವಳಿಗೆ ತಲುಪಲಿಲ್ಲ. ಪಕ್ಕದಲ್ಲಿದ್ದ ಚಹಾ ತಣ್ಣಗಾಯಿತು. ಸುಮ್ಮನಿದ್ದರೆ ಅರ್ಥವಾಗುತ್ತದೆ ಎಂದವನು ಅವನೇ. ಕೊಟ್ಟ ಮಾತಿನಂತೆ ಅರ್ಥಮಾಡಿಕೊಂಡ. ಅವಳು ಕಲಿಸಿದ ಹಾಗೇ ಮೂರು ಸಲ + ಒತ್ತಿ, ಕಾದು, ATH ಎಂದು ಹೊಡೆದ.

ಶುಯುನ್‌ಳ ಪರದೆಯ ಮೇಲೆ ಎರಡು ಪದ ಬಂದವು. NO CARRIER. ಆಚೆಯವರು ಫೋನ್ ಇಟ್ಟಿದ್ದಾರೆ ಎಂದು ಅರ್ಥ.

‘ಓದಿದ. ಎದ್ದು ಹೋದ.’

ಅವಳು ಬಟ್ಟೆ ತೆಗೆದುಕೊಂಡು ಮೇಜು ಒರೆಸಿದಳು.

* * *

ಅವಳು ಮತ್ತೆ ಕರೆಯಲಿಲ್ಲ. ಓದಿ ಎದ್ದು ಹೋದವನನ್ನು ಏನೆಂದು ಕರೆಯುವುದು?

ಹಬ್ಬ ಕಳೆದು ಪರೀಕ್ಷೆಗಳು ಶುರುವಾದಾಗ ವಾಂಗ್‌ಆನ್‌ನ ಮೋಡೆಮ್ ಒಂದೇ ರಿಂಗಿಗೆ ತಾನೇ ಎತ್ತಿಕೊಂಡಿತು. ಹಾಗೆ ಎತ್ತಿಕೊಳ್ಳಲು ಅದಕ್ಕೆ ಹೇಳಿಟ್ಟಿದ್ದರು. ಆಚೆ ಯಾರೂ ಕೂರಬೇಕಾಗಿರಲಿಲ್ಲ. ಯಾರೂ ಕೂತಿರಲಿಲ್ಲ.

ಕಂಪನಿಯವರು ಬೇರೆ ಬೇರೆ ಲೈನು ಕೊಟ್ಟರು. ಅವಳು ಮಾಡಿದಳು. ಊಟದ ಹೊತ್ತಿಗೆ ಉಂಡಳು. ಅಫೆಂಗ್ ಒಂದೆರಡು ದಿನ “ಮೇಕೆ ಎಲ್ಲೇ?” ಎಂದು ಕೇಳಿ, ಮುಖ ನೋಡಿ, ಆಮೇಲೆ ಕೇಳುವುದನ್ನು ಬಿಟ್ಟಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಫೆಂಗ್ ತನ್ನ ಕೀಲಿಮಣೆಯನ್ನು ಗುದ್ದುತ್ತಿದ್ದಳು.

“ಏನ್ ಮನುಷ್ಯ ಇವನು! ತೈಪೆಯಲ್ಲಿ ಕೂತಿದ್ದೀನಿ ಅನ್ನೋ ಜಂಬ! ಆಗಿಂದ ಕೇಳ್ತಿದ್ದೀನಿ, ಫೈಲ್ ಬಂತಾ, ಬಂತಾ ಅಂತ. ಬಾಯಿ ಬಿಡ್ತಿಲ್ಲ. ಸತ್ತಿದ್ದಾನಾ, ಬದುಕಿದ್ದಾನಾ? ನೀನೇ ನೋಡೇ.”

ಶುಯುನ್ ಬಗ್ಗಿ ನೋಡಿದಳು. ಪರದೆ ತುಂಬ ಅಫೆಂಗ್‌ಳ ಬೈಗುಳ. ಮೇಲೆಲ್ಲೋ ಒಂದು OK.

“ಅಕ್ಕ, ನೀನು ಬಲ ನೋಡೋಕೆ ಈಚೆ ಬಂದವಳು ವಾಪಸ್ ಹೋಗೇ ಇಲ್ಲ. ATO ಹೊಡೆದಿಲ್ಲ. ಇಷ್ಟು ಹೊತ್ತೂ ನಿನ್ನ ಮೋಡೆಮ್‌ಗೇ ಬೈತಾ...”

ಅವಳು ಪರದೆಯ ಮೇಲಿನ ಆ OK ಅನ್ನೇ ನೋಡಿದಳು.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಅಫೆಂಗ್ ಹಣೆ ಚಚ್ಚಿಕೊಂಡು ನಕ್ಕಳು. “ಪಾಪ, ಆ ಹುಡುಗ ಕಾಯ್ತಾ ಕೂತಿರ್ತಾನೆ... ಏಯ್, ಯಾಕೇ ಹೀಗೆ ನಿಂತೆ? ಶುಯುನ್?”

ಕುವೊ ಬಂದದ್ದು. ಬಲ ಕೇಳಿದ್ದು. ಅಂಕಿ ಕೂಗಿ ಹೇಳಿದ್ದು. ತಿರುಗಿ ಬರೆಯಲು ಶುರುಮಾಡಿದ್ದು. ಶುಯುನ್ ಆ ಮಧ್ಯಾಹ್ನವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನೋಡಿದಳು. ನಡುವೆ ಎಲ್ಲೂ ಆ ಒಂದು ಆಜ್ಞೆ ಇರಲಿಲ್ಲ.

“ಅವರು ಓದಿಲ್ಲ, ಅಕ್ಕ.”

“ಯಾರು? ತೈಪೆಯವನಾ?”

“ಅವರು ಕೇಳಿದ್ರು. ನಾನು ಉತ್ತರ ಕೊಟ್ಟೆ. ಅವರಿಗೆ ಹೋಗಿಲ್ಲ. ನಾನು ಬೇಡ ಅಂದೆ ಅಂತ ತಿಳ್ಕೊಂಡಿದ್ದಾರೆ...”

ಅಫೆಂಗ್‌ಗೆ ಎಲ್ಲವೂ ತಿಳಿಯಲಿಲ್ಲ. ತಿಳಿಯಬೇಕಾದಷ್ಟು ತಿಳಿಯಿತು. ಎದ್ದು ಹೋಗಿ ಕುವೊ ಅವರ ಮೇಜಿನ ಫೋನನ್ನು ಅದರ ತಂತಿಯುದ್ದಕ್ಕೂ ಎಳೆದು ತಂದಿಟ್ಟಳು.

“ಬಾಯಲ್ಲಿ ಮಾತಾಡು. ದೇವರು ಕೊಟ್ಟಿಲ್ವಾ?”

ಆಚೆ ಫೋನೆತ್ತಿದ್ದು ವಯಸ್ಸಾದ ದನಿ. “ಯೆನ್? ಕಂಬದ ಮೇಲಿದ್ದಾನೆ. ಏನ್ ಕಂಪ್ಲೇಂಟು? ನಿಮ್ಮ ನಂಬರ್ ಹೇಳಿ.”

“ಕಂಪ್ಲೇಂಟ್ ಇಲ್ಲ,” ಎಂದು ಅವಳು ಫೋನ್ ಇಟ್ಟಳು.

“ಯಾಕೆ ಇಟ್ಟೆ?” ಅಫೆಂಗ್ ಸಿಡುಕಿದಳು.

“ಫೋನಲ್ಲಿ ನಾನು ಹೇಳ್ತೀನಿ, ಅವರು ಸುಮ್ಮನಾಗ್ತಾರೆ. ಯಾಕೆ ಸುಮ್ಮನಾದ್ರು ಅಂತ ನನಗೆ ಮತ್ತೆ ಗೊತ್ತಾಗಲ್ಲ. ಮುಖ ನೋಡಿ ಹೇಳಬೇಕು, ಅಕ್ಕ.”

* * *

ಆ ಸಂಜೆ ಅತ್ತೆ ಅಂಗಳದಲ್ಲಿ ಒಣಗಿದ ಶಾವಿಗೆ ಕಟ್ಟುತ್ತ ಕೂತಿದ್ದರು. ಶುಯುನ್ ಎದುರು ಕೂತು ಹುರಿ ಕತ್ತರಿಸಿಕೊಟ್ಟಳು. ಆಮೇಲೆ ಹೇಳಿದಳು. ಮೊದಲಿಂದ ಕೊನೆಯವರೆಗೆ. ಏನನ್ನೂ ಬಿಡಲಿಲ್ಲ.

ಅತ್ತೆಯ ಕೈ ನಿಲ್ಲಲಿಲ್ಲ.

“ಏನ್ ಬರೆದೆ ಅಂದೆ? ಇನ್ನೊಂದ್ಸಲ ಹೇಳು. ಗಂಡನ್ನ...?”

“ತಿಂದವಳು ಅಂತ.”

“ಯಾರು ಹಾಗಂದಿದ್ದು?”

“ಎಲ್ಲರೂ ಅಂತಾರಲ್ಲ, ಅಮ್ಮ.”

“ನಾನಂದಿದ್ದೀನಾ?”

“ಇಲ್ಲ.”

“ಮತ್ತೆ? ಹೆತ್ತೋಳು ನಾನು. ಅನ್ನೋದಿದ್ರೆ ನಾನನ್ನಬೇಕಿತ್ತು.” ಅತ್ತೆ ಗಂಟು ಬಿಗಿದರು. “ಆ ಸ್ಕೂಟರಿನ ಬ್ರೇಕ್ ಸರಿಯಿರಲಿಲ್ಲ. ಮಾಡಿಸ್ಕೊಳೋ, ಮಾಡಿಸ್ಕೊಳೋ ಅಂತ ಅವನ ಬೆನ್ನು ಬಿದ್ದಿದ್ದೆ. ನಾಳೆ ಅಮ್ಮ, ನಾಳೆ ಅಮ್ಮ ಅಂದ. ನಕ್ಷತ್ರ ಏನ್ ಮಾಡುತ್ತೆ? ನಕ್ಷತ್ರಕ್ಕೆ ಬ್ರೇಕ್ ಇರುತ್ತಾ?”

ಶುಯುನ್ ತಲೆ ತಗ್ಗಿಸಿದಳು. ಅಂಗಳದ ಗಾಳಿಗೆ ಖಾಲಿ ತಟ್ಟಿಗಳು ಅಲ್ಲಾಡುತ್ತಿದ್ದವು. ಅವಳ ಮೂಗಿನ ತುದಿಯಿಂದ ಒಂದು ಹನಿ ಕೈಮೇಲೆ ಬಿತ್ತು. ಆಮೇಲೆ ಇನ್ನೊಂದು. ಆ ಮನೆಯಲ್ಲಿ ಅವಳು ಅತ್ತದ್ದು ಅದೇ ಮೊದಲು.

ಅತ್ತೆ ನೋಡದವರಂತೆ ನೋಡಿದರು.

“ದೋಣೀಲಿ ವಾಂತಿ ಬರುತ್ತೆ. ಬೆಳಿಗ್ಗೆ ಏನೂ ತಿನ್ನದೆ ಹೋಗು.”

* * *

ವಾಂತಿ ಬಂತು. ಮಾಗುಂಗ್ ಪಟ್ಟಣದವರೆಗೆ ಸಣ್ಣ ವಿಮಾನ, ಅಲ್ಲಿಂದ ದೋಣಿ. ವಾಂಗ್‌ಆನ್‌ನಲ್ಲಿ ಇಳಿದಾಗ ಶುಯುನ್‌ಗೆ ನೆಲವೇ ತೂಗುತ್ತಿತ್ತು. ಗಾಳಿ ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

ಎಕ್ಸ್‌ಚೇಂಜಿನ ಮುದುಕ ಕೈತೋರಿಸಿದ ಕಡೆ ಅವಳು ನಡೆದಳು. ಹವಳದ ಕಲ್ಲಿನ ಗೋಡೆಗಳ ನಡುವೆ ಒಂದು ಕಂಬ. ಕಂಬದ ಮೇಲೆ ಒಬ್ಬ ಮನುಷ್ಯ, ಸೊಂಟಕ್ಕೆ ಪಟ್ಟಿ, ಕಾಲಿಗೆ ರಬ್ಬರ್ ಬೂಟು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಅವನು ಕೆಳಗೆ ನೋಡಿ ಕೂಗಿದ:

“ಎರಡು ನಿಮಿಷ ಅಕ್ಕಾ! ಇದಾದ್ಮೇಲೆ ನಿಮ್ಮನೇದೇ. ಯಾವ ಮನೆ? ಪೂರ್ತಿ ಸತ್ತಿದ್ಯಾ, ಗೊರ ಗೊರ ಅಂತಿದ್ಯಾ?”

“ನಾನು ಚುಂಗ್!”

“ಯಾವ ಚುಂಗ್? ಈ ಊರಲ್ಲಿ ಚುಂಗ್ ಅನ್ನೋರು ಯಾರೂ...”

ಅವನು ಮತ್ತೆ ಬಗ್ಗಿ ನೋಡಿದ.

ಅವನು ಇಳಿದುಬಂದ. ಕೊನೆಯ ಎರಡು ಮೆಟ್ಟಿಲು ತಪ್ಪಿ ನೆಲಕ್ಕೆ ಬಿದ್ದ ಹಾಗೇ ಬಂದ. ಕೈಯಲ್ಲಿದ್ದ ಇಕ್ಕಳವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

“ಚುಂಗ್ ಮೇಡಂ?”

“ಹೂಂ.”

“ನೀವು... ಆವತ್ತು ಉತ್ತರ ಕೊಡಲಿಲ್ಲ.”

“ಕೊಟ್ಟೆ. ನನ್ನ ಮೋಡೆಮ್‌ಗೆ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಕುವೊ ಕೂಗಿದ್ದು, ಅಂಕಿ ನೋಡಿದ್ದು, ತಿರುಗಿ ಬರೆದದ್ದು. ಅವನು ಕೇಳುತ್ತ ಕೇಳುತ್ತ ಬಾಯಿ ತೆರೆದ.

“ನೀವಾ? ATO ಹೊಡೆಯೋದು ಮರೆತಿದ್ದು ನೀವಾ? ಗೋಡೆ ಜೊತೆ ಮಾತಾಡ್ತೀರಿ ಅಂತ ನನಗೆ ಹೇಳಿಕೊಟ್ಟವರು!”

“ನಗಬೇಡಿ.”

“ನಗ್ತಿಲ್ಲ,” ಎಂದ ಅವನು. ನಗುತ್ತಿದ್ದ. ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದ. “ಏನು ಬರೆದಿದ್ರಿ?”

ಇದಕ್ಕಾಗಿಯೇ ಅವಳು ಸಮುದ್ರ ದಾಟಿ ಬಂದದ್ದು. ಬರೆಯುವಾಗ ಬೆರಳು ಮಾಡಿದ ಕೆಲಸವನ್ನು ಈಗ ಬಾಯಿ ಮಾಡಬೇಕು, ಅವನು ನೋಡುತ್ತಿರುವಾಗಲೇ.

“ನನಗೆ ಮದುವೆ ಆಗಿತ್ತು,” ಎಂದಳು. “ಅವರು ತೀರಿಕೊಂಡ್ರು. ಸ್ಕೂಟರ್. ಅಮ್ಮ ಅಂತಿದ್ದೆನಲ್ಲ, ಅವರು ನನ್ನ ಅತ್ತೆ. ನನ್ನ ಜಾತಕ ಗಂಡನಿಗೆ ಆಗಿಬರಲ್ಲ ಅಂತಾರೆ. ಗಂಡನ್ನ ತಿಂದವಳು ಅಂತಾರೆ. ಇದನ್ನ ನಿಮಗೆ ಮುಚ್ಚಿಟ್ಟಿದ್ದೆ. ಇಷ್ಟೇ ಬರೆದಿದ್ದು. ಕೊನೆಗೆ... ಇಷ್ಟಾದ ಮೇಲೂ ಬರಬೇಕು ಅನ್ನಿಸಿದ್ರೆ ಬನ್ನಿ ಅಂತ ಬರೆದಿದ್ದೆ.”

ತೆಶೆಂಗ್ ಸುಮ್ಮನಾದ.

ಅದೇ ಮೌನ! ಆದರೆ ಈ ಸಲ ಮೌನಕ್ಕೆ ಮುಖವಿತ್ತು. ಅವನು ಎಲ್ಲಿಗೂ ಹೋಗಲಿಲ್ಲ. ಇಕ್ಕಳವನ್ನು ಪಟ್ಟಿಗೆ ಸಿಕ್ಕಿಸಿದ. ಗಾಳಿ ಬರುವ ಕಡೆಗೆ ಬಂದು ನಿಂತ. ಅವಳ ಮೇಲೆ ಗಾಳಿ ಬೀಳುವುದು ನಿಂತಿತು.

“ಅಲ್ಲಿ ನೋಡಿ,” ಎಂದು ಬಂದರಿನ ಕಡೆ ತೋರಿಸಿದ. ತಲೆಗೆ ಬಟ್ಟೆ ಸುತ್ತಿದ ಹೆಂಗಸರು ಮೀನು ಬಿಡಿಸುತ್ತ ಕೂತಿದ್ದರು. “ಆ ಕೊನೇಲಿರೋದು ನಮ್ಮಮ್ಮ. ಪಕ್ಕದಲ್ಲಿ ದೊಡ್ಡಮ್ಮ. ಅವರ ಪಕ್ಕ ಮೇಕೆ ಅಜ್ಜಿ. ಮೂವರಿಗೂ ಗಂಡಂದಿರಿಲ್ಲ. ದೋಣಿ ಹೋಯ್ತು, ಬರಲಿಲ್ಲ. ಈ ಊರಲ್ಲಿ ಗಂಡ ವಾಪಸ್ ಬರದಿದ್ರೆ ಸಮುದ್ರಾನ ಬೈತಾರೆ. ಹೆಂಡ್ತಿ ಜಾತಕಾನ ಬೈಯೋಷ್ಟು ಪುರುಸೊತ್ತು ಯಾರಿಗೂ ಇಲ್ಲ.”

ಶುಯುನ್ ಆ ಹೆಂಗಸರನ್ನು ನೋಡಿದಳು. ಅವರಲ್ಲೊಬ್ಬರು ಏನೋ ಹೇಳಿದರು, ಉಳಿದವರು ಜೋರಾಗಿ ನಕ್ಕರು. ತನ್ನ ಬಗ್ಗೆಯೇ ಇರಬೇಕು. ಪರವಾಗಿಲ್ಲ ಅನ್ನಿಸಿತು.

“ಅವರ ಹೆಸರೇನು?” ತೆಶೆಂಗ್ ಕೇಳಿದ.

“ಯಾರದು?”

“ನಿಮ್ಮ ಯಜಮಾನರದು.”

ಅವಳ ಎದುರು ಆ ಹೆಸರು ಹೇಳುವುದನ್ನು ಜನ ಬಿಟ್ಟುಬಿಟ್ಟಿದ್ದರು. ಮನೆಯಲ್ಲಿ ಅತ್ತೆ ಅವನು ಎನ್ನುತ್ತಿದ್ದರು. ಕೆಲಸದಲ್ಲಿ ಯಾರೂ ಏನೂ ಎನ್ನುತ್ತಿರಲಿಲ್ಲ.

“ರುಂಗ್‌ಫಾ,” ಎಂದಳು. “ಷು ರುಂಗ್‌ಫಾ.”



“ರುಂಗ್‌ಫಾ,” ತೆಶೆಂಗ್ ನಿಧಾನವಾಗಿ ಹೇಳಿಕೊಂಡ, ಮರೆಯಬಾರದು ಎಂಬಂತೆ. “ಮುಂದಿನ ತಿಂಗಳು ಚಿಂಗ್‌ಮಿಂಗ್, ಸತ್ತವರ ಸಮಾಧಿಗೆ ಹೋಗೋ ದಿನ. ಅವರ ಸಮಾಧಿ ಮೇಲಿನ ಹುಲ್ಲು ಕೀಳೋಕೆ ಯಾರ್ಯಾರು ಹೋಗ್ತೀರಿ?”

“ನಾನು, ಅಮ್ಮ. ಇಬ್ಬರೇ.”

“ನಮ್ಮಪ್ಪನಿಗೆ ಸಮಾಧಿ ಇಲ್ಲ. ನಾವು ಸಮುದ್ರಕ್ಕೇ ಕೈ ಮುಗಿದು ಬರ್ತೀವಿ. ನನಗೆ ಅಷ್ಟೇ ಕೆಲಸ, ಎರಡು ದಿನ ಮುಂಚೆಯೂ ಮುಗಿಸಬಹುದು.” ಅವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. “ಹುಲ್ಲು ಕೀಳೋಕೆ ಮೂರನೆಯವನು ಬರಬಹುದಾ?”

ಶುಯುನ್ ಅವನ ಮುಖ ನೋಡಿದಳು. ಕಣ್ಣು ತುಂಬಿತ್ತು. ಗಾಳಿ ಎನ್ನುವಂತಿರಲಿಲ್ಲ, ಅವನು ಅಡ್ಡ ನಿಂತಿದ್ದ.

“ನಾವು ಬೆಳಿಗ್ಗೆ ಬಹಳ ಬೇಗ ಹೊರಡ್ತೀವಿ,” ಎಂದಳು. “ಹಿಂದಿನ ದಿನವೇ ಬಂದುಬಿಡಿ.”